‘ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್’ ಎಂಬ ಎಲೆಯಾಟದ ನಿಯಮಗಳು: ಒಂದು ವಿವೇಚನೆ

ಕಳೆದ ವರ್ಷದ ಪರೀಕ್ಷೆಗಳು ಮುಗಿದ ಮೇಲೆ ನಮ್ಮ ವಿಭಾಗದ ಸ್ನಾತಕೋತ್ತರ ತರಗತಿಯ ಐವರು ವಿದ್ಯಾರ್ಥಿಗಳು ಒಂದು ಸಂಜೆ ಕಲೆತು ಎಲೆಯಾಟವೊಂದನ್ನು ಆಡುತ್ತಿದ್ದಾಗ ಅವರಲ್ಲಿ ಒಂದು ವ್ಯಾಜ್ಯ ಹುಟ್ಟಿತು. ಅದನ್ನು ತೀರಿಸಲು ನಮ್ಮನ್ನು ಕರೆದರು. ಆ ಆಟವನ್ನು ನಾವೂ ಕೆಲವು ಸಲ ಆಡಿದ್ದೆವಾದುದರಿಂದಲೂ, ಅಧ್ಯಾಪಕರ ಮಾತಿಗೆ ಎದುರಾಡುವುದು ನಮ್ಮ ಹುಡುಗರ ವಾಡಿಕೆಯಲ್ಲವಾದುದರಿಂದಲೂ, ನಾವು ಕೊಟ್ಟ ತೀರ್ಪು ಅಲ್ಲಿಗೆ ಕಡೆಯ ಮಾತಾಯಿತು. ಒಬ್ಬ ವಿದ್ಯಾರ್ಥಿ ಅದರ ಫಲವಾಗಿ ಸೋತು ಎದ್ದುಹೋದನು. ಮೂರು ದಿನಗಳ ತರುವಾಯ ಅವನೇ ನಿಯಮಪುಸ್ತಕದ ಪ್ರತಿಯೊಂದನ್ನು ತಂದು, ಏನನ್ನೂ ಹೇಳದೆ, ಪುಟವನ್ನು ತೆರೆದು ನಮ್ಮ ಮೇಜಿನ ಮೇಲಿಟ್ಟನು. ನಮ್ಮ ತೀರ್ಪು ಪೂರ್ತಿಯಾಗಿ ತಪ್ಪಾಗಿತ್ತು. ಸಾಕ್ಷ್ಯವನ್ನು ಕಣ್ಣಾರೆ ನೋಡದೆ ಬರಿಯ ನೆನಪಿನಿಂದ ಮಾತಾಡಲಾಗದೆಂದು ವರ್ಷವೆಲ್ಲ ಪಾಠ ಹೇಳಿದವರು ನಾವೇ ಆಗಿದ್ದುದರಿಂದ ನಮಗಾದ ಸಂಕೋಚವನ್ನು ವಾಚಕರು ಊಹಿಸಿಕೊಳ್ಳಬಹುದು. ಆ ತಪ್ಪು ಹೇಗೆ ಸಂಭವಿಸಿತು, ನಿಯಮವು ನಿಜವಾಗಿ ಏನನ್ನು ಹೇಳುತ್ತದೆ, ಅದು ಹಾಗೆಯೇ ಏಕಿರಬೇಕು ಎಂಬುದನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ. ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಎಲೆಯಾಟಕ್ಕೆ ಎಡೆಯೇನೆಂದು ಕೇಳುವವರಿಗೆ ಉತ್ತರವು ಲೇಖನದ ನಡುವೆ ಎಲ್ಲಿಯಾದರೂ ದೊರೆತೀತು.

ಮೊದಲು ಆಟದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆವು. ಅಮೆರಿಕದಲ್ಲಿ ೧೯೯೩ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರೂಪಿಸಿದ ‘ಮ್ಯಾಜಿಕ್’ ಎಂಬ ಆಟ ಪ್ರಕಟವಾಯಿತು. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿದ ಒಂದೇ ಕಟ್ಟು ಇರುತ್ತದೆ. ಇಲ್ಲಿ ಹಾಗಲ್ಲ. ಒಳಗೇನಿದೆಯೆಂದು ಕಾಣದ ಪೊಟ್ಟಣಗಳನ್ನು ಕೊಂಡು, ಬೇಡದ ಎಲೆಗಳನ್ನು ಇತರರೊಡನೆ ವಿನಿಮಯ ಮಾಡಿಕೊಂಡು, ಪ್ರತಿಯೊಬ್ಬನೂ ತನ್ನದೇ ಆದ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾನೆ. ಈ ಬಗೆಯಲ್ಲಿ ಗಾರ್ಫೀಲ್ಡರು ರಚಿಸಿದ ಮತ್ತೊಂದು ಆಟವನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ೧೯೯೪ರಲ್ಲಿ ಹೊರತಂದಿತು. ೧೯೯೧ರಲ್ಲಿ ಪ್ರಕಟವಾಗಿದ್ದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಎಂಬ ಪಾತ್ರಾಭಿನಯದ ಆಟದ ಕಥಾಲೋಕವೇ ಇದಕ್ಕೆ ಆಧಾರ. ಮೊದಲಿಗೆ ಇದರ ಹೆಸರು ‘ಜಿಹಾದ್’ ಎಂದಿತ್ತು. ಒಂದು ಮತದವರ ಪವಿತ್ರ ಪದವನ್ನು ರಕ್ತಪಿಶಾಚಿಗಳ ಕಾಳಗಕ್ಕೆ ಅಂಟಿಸುವುದು ಉಚಿತವಲ್ಲವೆಂಬುದು ಬೇಗನೆ ಮನವರಿಕೆಯಾಗಿ, ೧೯೯೫ರಲ್ಲಿ ಈಗಿನ ಹೆಸರನ್ನು ಇಟ್ಟರು. ‘ನಿರಂತರ ಹೋರಾಟ’ ಎಂದು ಅದರ ಅರ್ಥ.

ಆಟಗಾರನು ಇಲ್ಲಿ ಸ್ವತಃ ಕಾಳಗಕ್ಕಿಳಿಯುವವನಲ್ಲ. ಅವನು ಸಾವಿರಾರು ವರ್ಷ ಬದುಕಿದ, ತೆರೆಯ ಹಿಂದೆ ಕುಳಿತು ಸೂತ್ರವನ್ನಾಡಿಸುವ ಹಿರಿಯ ರಕ್ತಪಿಶಾಚಿ. ಬೈಬಲ್ಲಿನ ದೀರ್ಘಾಯುವಿನ ಹೆಸರಿನಿಂದ ಇವನನ್ನು ಮೆಥೂಸೆಲಾ ಎಂದು ಕರೆಯುತ್ತಾರೆ. ಅವನ ಎಲೆಗಳಲ್ಲಿ ಎರಡು ಕಟ್ಟುಗಳುಂಟು. ‘ಕ್ರಿಪ್ಟ್’, ಎಂದರೆ ಸಮಾಧಿಗೃಹ, ಅವನ ಕೈಕೆಳಗಿನ ಕಿರಿಯ ಪಿಶಾಚಿಗಳ ಕಟ್ಟು. ಅದರಲ್ಲಿ ಕನಿಷ್ಠ ೧೨ ಎಲೆಗಳಿರಬೇಕು. ‘ಲೈಬ್ರರಿ’ ಎಂಬುದು ತಂತ್ರ, ಆಯುಧ, ಮಂತ್ರಾಲೋಚನೆ ಮೊದಲಾದವುಗಳ ಕಟ್ಟು. ಅದರಲ್ಲಿ ೬೦ರಿಂದ ೯೦ ಎಲೆಗಳಿರುತ್ತವೆ. ಪ್ರತಿಯೊಬ್ಬನೂ ೩೦ ಬಿಲ್ಲೆಗಳಿಂದ ಆಟವನ್ನು ಆರಂಭಿಸುತ್ತಾನೆ. ಇದಕ್ಕೆ ‘ಪೂಲ್’ ಎಂದು ಹೆಸರು. ನಾವು ನಿಧಿ ಎನ್ನೋಣ. ನಿಧಿ ಬರಿದಾದವನು ಆಟದಿಂದ ಹೊರಗೆ.

ಈ ನಿಧಿಯೇ ಆಟದ ಸಮತೋಲಕ್ಕೆ ಬೇರು. ಅದು ಆಟಗಾರನ ಆಯುಸ್ಸೂ ಹೌದು, ಬೊಕ್ಕಸವೂ ಹೌದು. ಪ್ರತಿಯೊಂದು ಪಿಶಾಚಿಗೂ ೧ರಿಂದ ೧೧ರವರೆಗೆ ಒಂದು ಸಾಮರ್ಥ್ಯಸಂಖ್ಯೆ ಇರುತ್ತದೆ. ಅದನ್ನು ಕಣಕ್ಕಿಳಿಸಲು ಅಷ್ಟೇ ಬಿಲ್ಲೆಗಳನ್ನು ನಿಧಿಯಿಂದ ಅದರ ಮೇಲೆ ಹೂಡಬೇಕು. ಹೂಡಿದ ಬಿಲ್ಲೆಗಳು ಆ ಪಿಶಾಚಿಯ ರಕ್ತವಾಗುತ್ತವೆ. ೮, ೭, ೬ ಸಾಮರ್ಥ್ಯದ ಮೂವರನ್ನು ಎಬ್ಬಿಸಿದವನ ಬಳಿ ಉಳಿಯುವುದು ಕೇವಲ ೯. ಬಲಿಷ್ಠನಾಗಬೇಕೆಂಬವನು ಸಾವಿನ ಸಮೀಪಕ್ಕೆ ತಾನಾಗಿಯೇ ನಡೆಯಬೇಕು. ಸೈನ್ಯವನ್ನು ಕಟ್ಟಲು ಬೊಕ್ಕಸವನ್ನು ಬರಿದುಮಾಡಿಕೊಂಡ ಅರಸರ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಮೊದಲು ಆಡುವವನಿಗೆ ಸಹಜವಾಗಿ ಒದಗುವ ಅನುಕೂಲವನ್ನು ತಗ್ಗಿಸಲು ಇನ್ನೊಂದು ಏರ್ಪಾಡುಂಟು. ಒಂದು ಸರದಿಯಲ್ಲಿ ೪ ಬಿಲ್ಲೆಗಳನ್ನು ಹೀಗೆ ವರ್ಗಾಯಿಸಬಹುದಾದರೂ, ಆಟದ ಮೊದಲ ಸುತ್ತಿನಲ್ಲಿ ಮೊದಲನೆಯವನಿಗೆ ೧, ಎರಡನೆಯವನಿಗೆ ೨, ಮೂರನೆಯವನಿಗೆ ೩ ಮಾತ್ರ.

ಇನ್ನು ಕುಳಿತುಕೊಳ್ಳುವ ಕ್ರಮ. ಸಾಮಾನ್ಯವಾಗಿ ಐವರು ದುಂಡಾಗಿ ಕುಳಿತುಕೊಳ್ಳುತ್ತಾರೆ. ಎಡಗಡೆಯವನು ತನ್ನ ಬೇಟೆ, ಬಲಗಡೆಯವನು ತನ್ನ ಬೇಟೆಗಾರ. ಬೇಟೆಯನ್ನು ಕೆಡವಿದರೆ ಒಂದು ಜಯಾಂಕವೂ, ನಿಧಿಗೆ ೬ ಬಿಲ್ಲೆಗಳೂ ಲಭಿಸುತ್ತವೆ. ಬಿದ್ದವನ ಎಡಗಡೆಯವನು ಆಗ ಹೊಸ ಬೇಟೆಯಾಗುತ್ತಾನೆ. ಕೊನೆಗೆ ಒಬ್ಬನೇ ಉಳಿದರೆ ಅವನಿಗೆ ಇನ್ನೊಂದು ಅಂಕ. ಆದುದರಿಂದ ಇಲ್ಲಿ ಎಲ್ಲರೂ ಎಲ್ಲರ ಶತ್ರುಗಳಲ್ಲ, ಶತ್ರುತ್ವಕ್ಕೊಂದು ದಿಕ್ಕಿದೆ. ಕೌಟಿಲ್ಯನ ಮಂಡಲಸಿದ್ಧಾಂತವನ್ನು ಓದಿದವರಿಗೆ, ಬೇಟೆಯ ಬೇಟೆಯೂ ಬೇಟೆಗಾರನ ಬೇಟೆಗಾರನೂ ಹೇಗೆ ಸಹಜ ಮಿತ್ರರಾಗುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆದರೂ ಈ ಹೋಲಿಕೆಯನ್ನು ಬಹು ದೂರ ಎಳೆಯಲಾಗದು. ನನ್ನ ಬೇಟೆಗಾರನನ್ನು ನಾನು ಅತಿಯಾಗಿ ಕುಗ್ಗಿಸಿದರೆ ಅವನ ಹಿಂದಿನವನು ಅವನನ್ನು ನುಂಗಿ, ೬ ಬಿಲ್ಲೆಗಳಿಂದ ಕೊಬ್ಬಿ, ಮರುಕ್ಷಣವೇ ನನ್ನ ಬೆನ್ನಿಗೆ ಬಂದು ನಿಲ್ಲುತ್ತಾನೆ. ದುರ್ಬಲನಾದ, ಆದರೆ ಬದುಕಿರುವ ಬೇಟೆಗಾರನೇ ಎಲ್ಲರಿಗೂ ಬೇಕಾದವನು.

ಈಗ ಆ ಸಂಜೆಯ ವ್ಯಾಜ್ಯಕ್ಕೆ ಬರೋಣ. ಆಟಗಾರರನ್ನು ಕ, ಚ, ಟ, ತ, ಪ ಎಂದು ಕರೆಯುವೆವು. ‘ಕ’ನ ಬೇಟೆ ‘ಚ’, ‘ಚ’ನ ಬೇಟೆ ‘ಟ’, ಹೀಗೆಯೇ ಮುಂದುವರಿದು ‘ಪ’ನ ಬೇಟೆ ‘ಕ’. ಆ ಹೊತ್ತಿಗೆ ‘ಕ’ನ ನಿಧಿ ೮, ‘ಚ’ನದು ೩, ‘ಟ’ನದು ೪. ಎದುರಾಳಿಯ ನಿಧಿಯನ್ನು ನೇರವಾಗಿ ಕರಗಿಸುವ ಕಾರ್ಯಕ್ಕೆ ‘ಬ್ಲೀಡ್’ ಎಂದು ಹೆಸರು. ಹೀರುವಿಕೆ ಎಂದು ಹೇಳಬಹುದು. ಸಾಧಾರಣವಾಗಿ ಒಂದು ಪಿಶಾಚಿ ಒಂದು ಸಲಕ್ಕೆ ಒಂದು ಬಿಲ್ಲೆಯನ್ನು ಹೀರುತ್ತದೆ. ‘ಕ’ನು ‘ಗವರ್ನ್ ದಿ ಅನ್‌ಅಲೈನ್ಡ್’ ಎಂಬ ಎಲೆಯಿಂದ ಅದಕ್ಕೆ ೨ನ್ನು ಕೂಡಿಸಿ, ‘ಕಂಡಿಷನಿಂಗ್’ ಎಂಬ ಇನ್ನೊಂದು ಎಲೆಯಿಂದ ಮತ್ತೆ ೨ನ್ನು ಕೂಡಿಸಿ, ೫ರ ಪೆಟ್ಟನ್ನು ‘ಚ’ನ ಮೇಲೆ ಎತ್ತಿದನು. ‘ಚ’ನ ಕಥೆ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಆದರೆ ‘ಚ’ನು ‘ಡಿಫ್ಲೆಕ್ಷನ್’ ಎಂಬ ಎಲೆಯನ್ನು ಕೆಳಗಿಟ್ಟನು. ತನ್ನ ಮೇಲೆ ಬಂದ ಹೀರುವಿಕೆಯನ್ನು, ಅದನ್ನು ಹೂಡಿದವನೊಬ್ಬನನ್ನು ಬಿಟ್ಟು, ಬೇರೆ ಯಾವ ಆಟಗಾರನ ಮೇಲಾದರೂ ತಿರುಗಿಸುವ ಎಲೆ ಅದು. ‘ಚ’ನು ಅದನ್ನು ‘ಟ’ನ ಕಡೆಗೆ ತಿರುಗಿಸಿದನು. ೪ ಬಿಲ್ಲೆಗಳಿದ್ದ ‘ಟ’ನು ೫ರ ಪೆಟ್ಟಿಗೆ ಸಿಕ್ಕಿ ಆಟದಿಂದ ಹೊರಬಿದ್ದನು.

ಅಂಕವೂ ೬ ಬಿಲ್ಲೆಗಳೂ ಯಾರಿಗೆ? “ಸಾರ್, ಹೊಡೆದವನಿಗೇ ಅಲ್ಲವೆ?” ಎಂದು ‘ಕ’ನು ಕೇಳಿದನು. ನಾವು ಹೌದೆಂದೆವು. ಅಂದು ನಮ್ಮ ಮನಸ್ಸಿನಲ್ಲಿ ಇದ್ದುದು ಬೇರೊಂದು ನಿಯಮ. ಆಟದಲ್ಲಿ ‘ಎಡ್ಜ್’ ಎಂಬ ಒಂದು ಗುರುತುಬಿಲ್ಲೆ ಉಂಟು. ಒಂದು ಅಥವಾ ಹೆಚ್ಚು ಬಿಲ್ಲೆಗಳ ಹೀರುವಿಕೆ ಯಶಸ್ವಿಯಾದಾಗ ಅದು ಆ ಕಾರ್ಯವನ್ನು ಮಾಡಿದ ಪಿಶಾಚಿಯ ಒಡೆಯನಿಗೆ ಸಲ್ಲುತ್ತದೆ. ಪೆಟ್ಟು ಯಾರ ಮೇಲೆ ಬಿದ್ದರೂ ಸರಿ, ನಡುದಾರಿಯಲ್ಲಿ ಯಾರು ತಿರುಗಿಸಿದ್ದರೂ ಸರಿ. ಅದು ಕೈಯಲ್ಲಿರುವವರೆಗೆ ಅವನ ಪ್ರತಿ ಸರದಿಯ ಆರಂಭದಲ್ಲಿಯೂ ಒಂದು ಬಿಲ್ಲೆಯ ಆದಾಯವನ್ನು ತರುತ್ತದೆ. ಈ ನಿಯಮದ ನೆನಪೇ ನಮ್ಮನ್ನು ದಾರಿ ತಪ್ಪಿಸಿತು. ಉಚ್ಚಾಟನೆಯ ನಿಯಮ ಸಂಪೂರ್ಣವಾಗಿ ಭಿನ್ನವಾದುದು. ಯಾರ ಕೈಯಿಂದ, ಯಾವ ಉಪಾಯದಿಂದ ಬಿದ್ದರೂ, ಬಿದ್ದವನ ಬೇಟೆಗಾರನಿಗೇ ಫಲ. ‘ಟ’ನ ಬೇಟೆಗಾರನು ‘ಚ’. ಆದುದರಿಂದ ಅಂಕವೂ ೬ ಬಿಲ್ಲೆಗಳೂ ‘ಚ’ನಿಗೆ ಸಲ್ಲಬೇಕಾಗಿದ್ದಿತು. ‘ಕ’ನಿಗೆ ಸಲ್ಲಬೇಕಾಗಿದ್ದುದು ಎಡ್ಜ್ ಮಾತ್ರ.

ಹೊಡೆದವನೊಬ್ಬ, ಫಲವನ್ನುಂಡವನು ಇನ್ನೊಬ್ಬ ಎಂಬುದು ಮೇಲುನೋಟಕ್ಕೆ ಅನ್ಯಾಯವಾಗಿ ತೋರುತ್ತದೆ. ನಮಗೂ ಅಂದು ಹಾಗೆಯೇ ತೋರಿದ್ದಿರಬೇಕು. ಇಲ್ಲದಿದ್ದರೆ ಅಷ್ಟು ಬೇಗ ಹೌದೆನ್ನುತ್ತಿರಲಿಲ್ಲ. ಆದರೆ ಇದಕ್ಕೆ ವಿರುದ್ಧವಾದ ನಿಯಮವಿದ್ದರೆ ಏನಾಗುತ್ತಿತ್ತೆಂದು ವಿಚಾರಮಾಡಿ ನೋಡಬೇಕು. ಕೆಡವಿದವನಿಗೇ ಬಹುಮಾನವೆಂದಾದರೆ, ಸುತ್ತಿನಲ್ಲಿ ಅತ್ಯಂತ ದುರ್ಬಲನಾದವನ ಮೇಲೆ ಉಳಿದ ನಾಲ್ವರೂ ಒಟ್ಟಿಗೆ ಬೀಳುವರು. ಬೇಟೆ, ಬೇಟೆಗಾರ ಎಂಬ ಸಂಬಂಧವು ಬರಿಯ ಹೆಸರಾಗುವುದು. ಈಗಿನ ನಿಯಮದಲ್ಲಿಯಾದರೋ, ಮೇಜಿನ ಆಚೆ ಬದಿಯವನನ್ನು ಕೆಡವುವುದೆಂದರೆ ಮತ್ತೊಬ್ಬನಿಗೆ ೬ ಬಿಲ್ಲೆಗಳನ್ನು ಧರ್ಮಕ್ಕೆ ಕೊಟ್ಟಂತೆ. ಮೇಲಾಗಿ ತಿರುಗಿಸುವ ಎಲೆಯ ಬೆಲೆ ನಿಂತಿರುವುದೂ ಇದರ ಮೇಲೆಯೇ. ತನಗೆ ಬಂದ ಪೆಟ್ಟನ್ನು ತನ್ನ ಬೇಟೆಯ ಮೇಲೆ ಹಾಯಿಸಿದವನು ತಪ್ಪಿಸಿಕೊಳ್ಳುವುದಷ್ಟೇ ಅಲ್ಲ, ಶತ್ರುವಿನ ಬಲದಿಂದಲೇ ಲಾಭವನ್ನು ಪಡೆಯುತ್ತಾನೆ. ಆದುದರಿಂದ ದೊಡ್ಡ ಪೆಟ್ಟನ್ನು ಹೊಡೆಯುವವನು ಹೊಡೆಯುವ ಮುನ್ನ ಮುಂದಿರುವವನ ಕೈಯಲ್ಲಿ ಏನಿರಬಹುದೆಂದು ಎರಡು ಸಲ ಯೋಚಿಸಬೇಕಾಗುತ್ತದೆ. ಹೀರುವಿಕೆಯೊಂದನ್ನೇ ನಂಬಿ ಕಟ್ಟಿದ ಕಟ್ಟುಗಳು ಈ ಆಟದಲ್ಲಿ ಬಹು ಬಲವಾದವು. ಅವುಗಳಿಗೆ ಕಡಿವಾಣ ಹಾಕಿರುವುದು ಯಾವುದೇ ನಿಷೇಧವಲ್ಲ, ಈ ಭಯ.

ಅದೇ ಸಂಜೆ ‘ತ’ನು ಎತ್ತಿದ ಆಕ್ಷೇಪವೊಂದನ್ನೂ ಇಲ್ಲಿ ಪರಿಶೀಲಿಸಬೇಕು. ಹೀರುವಿಕೆಯನ್ನು ಹೆಚ್ಚಿಸುವ ಎರಡು ಎಲೆಗಳನ್ನು ‘ಕ’ನು ಒಂದೇ ಕಾರ್ಯದಲ್ಲಿ ಹೇಗೆ ಬಳಸಿದನೆಂದು ಅವನ ಪ್ರಶ್ನೆ. ಈ ವಿಷಯದಲ್ಲಿ ‘ಕ’ನ ಆಟ ಸರಿಯಾಗಿತ್ತು. ‘ಗವರ್ನ್ ದಿ ಅನ್‌ಅಲೈನ್ಡ್’ ಎಂಬುದು ಕಾರ್ಯದ ಎಲೆ. ಕಾರ್ಯವೇ ಅದರಿಂದ ಹುಟ್ಟುತ್ತದೆ. ‘ಕಂಡಿಷನಿಂಗ್’ ಎಂಬುದು ನಡೆಯುತ್ತಿರುವ ಕಾರ್ಯವನ್ನು ಮಾರ್ಪಡಿಸುವ ಎಲೆ. ಹೀರುವಿಕೆಯನ್ನು ಏರಿಸುವ ಒಂದು ಮಾರ್ಪಾಟಿನ ಎಲೆಯನ್ನು ಆಡಿದ ಮೇಲೆ ಅದೇ ಉದ್ದೇಶದ ಇನ್ನೊಂದು ಮಾರ್ಪಾಟಿನ ಎಲೆಯನ್ನು ಆಡಲಾಗದೆಂಬುದೇ ನಿಯಮ. ಒಂದು ಕಾರ್ಯದ ಎಲೆ, ಅದರ ಮೇಲೆ ಒಂದು ಮಾರ್ಪಾಟಿನ ಎಲೆ, ಇದಕ್ಕೆ ಅಡ್ಡಿಯಿಲ್ಲ. ‘ಕಂಡಿಷನಿಂಗ್’ ಜೊತೆಗೆ ‘ಬಾಂಡಿಂಗ್’ ಎಂಬುದನ್ನೂ ಹೀರುವಿಕೆಯನ್ನು ಏರಿಸಲು ಇಟ್ಟಿದ್ದರೆ ‘ತ’ನ ಆಕ್ಷೇಪ ನಿಲ್ಲುತ್ತಿತ್ತು. ಇದಲ್ಲದೆ ಒಂದು ಪಿಶಾಚಿ ಒಂದು ಸರದಿಯಲ್ಲಿ ಒಂದೇ ಸಲ ಹೀರಬಹುದೆಂಬ ಮಿತಿಯೂ ಉಂಟು. ಬೇರೆ ಎಲೆಯ ಬಲದಿಂದ ಅದು ಮತ್ತೆ ಎದ್ದು ನಿಂತರೂ ಆ ಮಿತಿ ಸಡಿಲವಾಗುವುದಿಲ್ಲ. ಈ ಎರಡು ಕಟ್ಟುಪಾಡುಗಳಿಲ್ಲದಿದ್ದರೆ ೩೦ರ ನಿಧಿಯನ್ನು ಒಂದೆರಡು ಸರದಿಗಳಲ್ಲಿ ಬತ್ತಿಸುವ ಕಟ್ಟನ್ನು ಕಟ್ಟುವುದು ಕಷ್ಟವಾಗುತ್ತಿರಲಿಲ್ಲ.

ಹೊಸಬರು ಅತ್ಯಂತ ಹೆಚ್ಚಾಗಿ ಎಡವುವ ಸ್ಥಳ ಇನ್ನೊಂದಿದೆ. ಒಂದು ಕಾರ್ಯವನ್ನು ತಡೆಯಬೇಕಾದರೆ ತಡೆಯುವವನ ಪತ್ತೆಯ ಸಂಖ್ಯೆಯು ಮಾಡುವವನ ಗುಪ್ತತೆಯ ಸಂಖ್ಯೆಗೆ ಸಮನಾಗಿರಬೇಕು ಅಥವಾ ಮೀರಿರಬೇಕು. ಹೀರುವಿಕೆಗೆ ಸ್ವಾಭಾವಿಕವಾಗಿ ಗುಪ್ತತೆ ಇಲ್ಲ. ಬೇಟೆಯಾಡಿ ರಕ್ತ ತರುವುದು, ಆಯುಧ ಧರಿಸುವುದು, ಮತಕ್ಕೆ ಹಾಕುವುದು ಮೊದಲಾದವಕ್ಕೆ ೧ರ ಗುಪ್ತತೆ ಉಂಟು. ಇದನ್ನು ಎಲೆಗಳಿಂದ ಹೆಚ್ಚಿಸಿಕೊಳ್ಳಬಹುದು. ಆದರೆ ಯಾವಾಗ? ನಮ್ಮ ಹುಡುಗರು ಕಾರ್ಯವನ್ನು ಘೋಷಿಸಿದ ಕೂಡಲೇ ಮೂರು ನಾಲ್ಕು ಗುಪ್ತತೆಯ ಎಲೆಗಳನ್ನು ರಾಶಿ ಹಾಕಿ, ಇನ್ನಾರು ತಡೆಯುವರೋ ನೋಡೋಣವೆಂದು ಕೈಕಟ್ಟಿ ಕುಳಿತುಕೊಳ್ಳುತ್ತಿದ್ದರು. ಇದು ನಿಯಮಬಾಹಿರ. ಯಾರಾದರೂ ತಡೆಯಲು ಮುಂದಾಗಿ, ಅವನ ಪತ್ತೆ ಈಗಿರುವ ಗುಪ್ತತೆಗೆ ಸಾಲುವಂತಿದ್ದಾಗ ಮಾತ್ರ ಗುಪ್ತತೆಯನ್ನು ಏರಿಸಬಹುದು; ಹಾಗೆಯೇ ಸಾಲದಿದ್ದಾಗ ಮಾತ್ರ ಪತ್ತೆಯನ್ನು ಏರಿಸಬಹುದು. ಅಗತ್ಯವಿದ್ದಾಗ ಹೊರತು ಎಲೆಯಿಲ್ಲ ಎಂಬುದು ಇದರ ಸಾರ.

ಈ ಸಣ್ಣ ನಿಯಮದ ಹಿಂದಿನ ಔಚಿತ್ಯವನ್ನು ಅರಿಯಬೇಕಾದರೆ ಕೈಯಲ್ಲಿನ ಎಲೆಗಳ ವ್ಯವಸ್ಥೆಯನ್ನು ತಿಳಿದಿರಬೇಕು. ಕೈಯಲ್ಲಿ ಯಾವಾಗಲೂ ೭ ಎಲೆಗಳು. ಒಂದನ್ನು ಆಡಿದೊಡನೆ ಇನ್ನೊಂದನ್ನು ಎಳೆದುಕೊಳ್ಳಬೇಕು. ಬೇಡದ ಎಲೆಯನ್ನು ಬಿಸಾಡುವ ಅವಕಾಶ ಸಾಧಾರಣವಾಗಿ ಸರದಿಯ ಕೊನೆಗೆ ಒಂದು ಸಲ ಮಾತ್ರ. ಆದುದರಿಂದ ಉಪಯೋಗಕ್ಕೆ ಬಾರದ ಎಲೆಗಳು ಕೈಯಲ್ಲಿ ತುಂಬಿಕೊಂಡರೆ ಆಟಗಾರನು ಕಟ್ಟಿಹಾಕಿದವನಂತಾಗುತ್ತಾನೆ. ಗುಪ್ತತೆಯ ಎಲೆಗಳನ್ನು ಬೇಕಾದಾಗಲೆಲ್ಲ ಸುರಿಯಬಹುದಾಗಿದ್ದರೆ ಈ ಕಷ್ಟದಿಂದ ಸುಲಭವಾಗಿ ಪಾರಾಗಬಹುದಾಗಿತ್ತು. ಎದುರಾಳಿ ತಡೆಯದೆ ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಯೂ ಒಂದು ಆಯುಧವಾಗುವುದು ಈ ನಿಯಮದಿಂದಲೇ. ಒಂದೇ ಎಲೆಯ ಎಷ್ಟು ಪ್ರತಿಗಳನ್ನಾದರೂ ಕಟ್ಟಿನಲ್ಲಿ ಇಡಬಹುದೆಂಬ, ಕೇಳಿದೊಡನೆ ಆಶ್ಚರ್ಯವನ್ನುಂಟುಮಾಡುವ ಸ್ವಾತಂತ್ರ್ಯಕ್ಕೂ ಇದೇ ಸಮಾಧಾನ. ‘ಮ್ಯಾಜಿಕ್’ ಆಟದಲ್ಲಿ ಒಂದು ಹೆಸರಿನ ಎಲೆ ನಾಲ್ಕಕ್ಕೆ ಮೀರಬಾರದೆಂಬ ಕಟ್ಟಳೆಯನ್ನು ತರಬೇಕಾಯಿತು. ಇಲ್ಲಿ ಅಂಥ ಕಟ್ಟಳೆಯಿಲ್ಲ. ಇಪ್ಪತ್ತು ‘ಡಿಫ್ಲೆಕ್ಷನ್’ ಎಲೆಗಳನ್ನು ಇಟ್ಟುಕೊಂಡವನನ್ನು ಯಾರೂ ತಡೆಯರು. ಅವನ ಬೇಟೆಗಾರನು ಹೀರುವುದನ್ನು ಬಿಟ್ಟು ಮತದಾನಕ್ಕೋ ಕಾಳಗಕ್ಕೋ ತೊಡಗಿದರೆ, ಆ ಇಪ್ಪತ್ತೂ ಅವನ ಕೊರಳಿಗೆ ಕಟ್ಟಿದ ಕಲ್ಲು.

ಪಿಶಾಚಿಗಳ ವಿಷಯದಲ್ಲಿ ಮಾತ್ರ ಮಿತಿಯುಂಟು. ಪ್ರತಿಯೊಂದು ಪಿಶಾಚಿಯೂ ಲೋಕದಲ್ಲಿ ಒಂದೇ. ಇಬ್ಬರು ಆಟಗಾರರು ಒಂದೇ ಪಿಶಾಚಿಯನ್ನು ಕಣಕ್ಕಿಳಿಸಿದರೆ ಅದು ವಿವಾದಗ್ರಸ್ತವಾಗುತ್ತದೆ. ಇಬ್ಬರಲ್ಲಿ ಯಾರಿಗೂ ಅದರ ಉಪಯೋಗವಿಲ್ಲ. ಹಕ್ಕನ್ನು ಬಿಡದವರು ಪ್ರತಿ ಸರದಿಗೂ ಒಂದು ಬಿಲ್ಲೆಯನ್ನು ತೆರುತ್ತಿರಬೇಕು. ಒಬ್ಬನು ಸೋತು ಕೈಬಿಡುವವರೆಗೆ ಈ ವ್ಯಾಜ್ಯದ ಖರ್ಚು ನಡೆಯುತ್ತಲೇ ಇರುತ್ತದೆ. ದಾಯಾದಿಗಳು ನ್ಯಾಯಾಲಯಕ್ಕೆ ಹೋದಂತೆ ಎಂದರೆ ಹೆಚ್ಚಿನ ವಿವರಣೆ ಬೇಡ. ಹೊಸ ಹೊಸ ಪಿಶಾಚಿಗಳು ಪ್ರಕಟವಾಗುತ್ತ ಹೋದಂತೆ, ಎಲ್ಲ ಕಾಲದ ಅತ್ಯುತ್ತಮರನ್ನು ಒಂದೇ ಕಡೆ ಆಯ್ದು ಸೇರಿಸದಂತೆ, ಅವರಿಗೆ ಗುಂಪಿನ ಸಂಖ್ಯೆಗಳನ್ನು ಕೊಡಲಾಯಿತು. ಒಂದು ಕಟ್ಟಿನಲ್ಲಿ ಒಂದೇ ಗುಂಪಿನವರು ಅಥವಾ ಒಂದಕ್ಕೊಂದು ಹೊಂದಿದ ಎರಡು ಗುಂಪುಗಳವರು ಮಾತ್ರ ಇರಬಹುದು.

ಇನ್ನು, ನಿಯಮವೆಂದರೆ ಯಾವುದು ಎಂಬ ಪ್ರಶ್ನೆ. ಇತಿಹಾಸದ ವಿದ್ಯಾರ್ಥಿಗೆ ಈ ಆಟದಲ್ಲಿ ನಿಜವಾದ ಆಸಕ್ತಿ ಹುಟ್ಟುವುದು ಇಲ್ಲಿಯೇ. ಎಲೆಯ ಮೇಲಿನ ಬರೆಹಕ್ಕೂ ಪುಸ್ತಕದ ನಿಯಮಕ್ಕೂ ವಿರೋಧ ಬಂದರೆ ಎಲೆಯ ಬರೆಹವೇ ಪ್ರಮಾಣ ಎಂಬುದು ಮೂಲಸೂತ್ರ. ಆದರೆ ಅದೇ ಎಲೆ ಬೇರೆ ಬೇರೆ ವರ್ಷಗಳಲ್ಲಿ ಅಚ್ಚಾದಾಗ ಅದರ ಬರೆಹ ಬದಲಾಗಿರುವುದುಂಟು. ಮೊದಲ ಮುದ್ರಣಗಳಲ್ಲಿ ಎಲೆಯನ್ನು ಅಡ್ಡ ತಿರುಗಿಸುವುದಕ್ಕೆ ‘ಟ್ಯಾಪ್’ ಎಂಬ ಮಾತಿದ್ದರೆ ಈಚಿನವುಗಳಲ್ಲಿ ‘ಲಾಕ್’ ಎಂದಿದೆ. ಇದು ಬರಿಯ ಪದದ ಭೇದ. ಅರ್ಥವೇ ಭೇದಿಸಿದ ಸಂದರ್ಭಗಳೂ ಇವೆ. ಅಲ್ಲಿ ಕೈಯಲ್ಲಿರುವ ಹಳೆಯ ಎಲೆಯನ್ನೂ ಹೊಸ ಪಾಠದಂತೆಯೇ ಓದಿಕೊಳ್ಳಬೇಕೆಂದು ವಿಧಿಸಲಾಗಿದೆ. ಶಾಸನಗಳಲ್ಲಿ ಮೂಲಪ್ರತಿ ಹಳೆಯದಾದಷ್ಟೂ ನಮಗೆ ಗೌರವ ಹೆಚ್ಚು. ಇಲ್ಲಿ ಅದಕ್ಕೆ ತಿರುಗುಮುರುಗು. ಕಡೆಯ ಪಾಠವೇ ಪ್ರಮಾಣ. ಗ್ರಂಥಸಂಪಾದಕನಿಗಿಂತ ನ್ಯಾಯಾಧೀಶನ ಕ್ರಮಕ್ಕೆ ಇದು ಹತ್ತಿರ.

ಹಾಗಾದರೆ ತಿದ್ದುವ ಅಧಿಕಾರ ಯಾರದು? ಮೊದಲ ಪ್ರಕಾಶಕರು ೧೯೯೬ರ ‘ಸಬ್ಬಾತ್’ ಎಂಬ ಸಂಚಿಕೆಯ ಅನಂತರ ಈ ಆಟವನ್ನು ಕೈಬಿಟ್ಟರು. ೨೦೦೦ದಲ್ಲಿ ವೈಟ್ ವುಲ್ಫ್ ಸಂಸ್ಥೆ ಅದನ್ನು ಮತ್ತೆ ಎತ್ತಿಕೊಂಡಿತು. ೨೦೧೦ರಲ್ಲಿ ಮುದ್ರಣ ಪುನಃ ನಿಂತಿತು. ೨೦೧೮ರಲ್ಲಿ ಬ್ಲ್ಯಾಕ್ ಚಾಂಟ್ರಿ ಎಂಬ ಸಂಸ್ಥೆ ಪ್ರಕಟಣೆಯನ್ನು ಆರಂಭಿಸಿ, ೨೦೨೦ರಲ್ಲಿ ಐದನೆಯ ಆವೃತ್ತಿಯನ್ನು ಹೊರತಂದಿತು. ನಡುವಣ ಎರಡು ಶೂನ್ಯಕಾಲಗಳಲ್ಲಿ ಅಂಗಡಿಗಳಿಗೆ ಹೊಸ ಎಲೆ ಬರುತ್ತಿರಲಿಲ್ಲವಾದರೂ ಆಟವು ಸಾಯಲಿಲ್ಲ. ಆಟಗಾರರೇ ಕಟ್ಟಿಕೊಂಡ ಸಂಘವು ಪಂದ್ಯಗಳನ್ನು ನಡೆಸಿತು, ಸಂದೇಹಗಳಿಗೆ ತೀರ್ಪುಗಳನ್ನು ಕೊಟ್ಟಿತು, ಎರಡನೆಯ ಶೂನ್ಯಕಾಲದಲ್ಲಿ ಹೊಸ ಎಲೆಗಳನ್ನು ಕೂಡ ರಚಿಸಿತು. ‘ರಿಟರ್ನ್ ಟು ಇನೊಸೆನ್ಸ್’ ಮೊದಲಾದ ಕೆಲವು ಎಲೆಗಳನ್ನು ಪಂದ್ಯಗಳಲ್ಲಿ ಬಳಸಕೂಡದೆಂಬ ನಿಷೇಧವೂ ಜಾರಿಯಲ್ಲಿದೆ. ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಹಲವು ಆಟಗಳ ವರ್ಣನೆಯಿದೆ. ಬರೆಹವಿದೆ, ಚಿತ್ರಗಳಿವೆ, ಎದುರುಬದುರು ಕುಳಿತು ಜಗಳವಾಡುವ ಆಟಗಾರರು ಉಳಿಯಲಿಲ್ಲ. ಅಲ್ಲಿ ಒಂದು ವಾಕ್ಯದ ಅರ್ಥ ಸಂದಿಗ್ಧವಾದರೆ ಕೇಳುವುದು ಯಾರನ್ನು? ಪಿಶಾಚಿಗಳ ಈ ಆಟದಲ್ಲಿಯಾದರೋ ಎರಡು ಸಲ ಪ್ರಕಾಶಕರಿಲ್ಲದಿದ್ದರೂ ಕೇಳಲು ಜನವಿದ್ದರು. ನಿಯಮವು ಪುಸ್ತಕದಲ್ಲಿ ಮಾತ್ರವಲ್ಲದೆ ವ್ಯಾಜ್ಯದಲ್ಲಿಯೂ ಬದುಕುತ್ತದೆಂಬುದಕ್ಕೆ ಇಷ್ಟು ಸಮೀಪದ, ಇಷ್ಟು ಸ್ಪಷ್ಟವಾದ ನಿದರ್ಶನ ನಮಗೆ ಬೇರೆಲ್ಲೂ ಸುಲಭವಾಗಿ ದೊರೆಯದು.

ಒಪ್ಪಂದಗಳ ಬಗೆಗೆ ಎರಡು ಮಾತು ಹೇಳಬೇಕು. ಮೇಜಿನ ಸುತ್ತ ಮಾತುಕತೆ ಮುಕ್ತ. ‘ಈ ಮತಕ್ಕೆ ನೀನು ಬೆಂಬಲ ಕೊಟ್ಟರೆ ಎರಡು ಸರದಿಗಳವರೆಗೆ ನಿನ್ನನ್ನು ಹೀರುವುದಿಲ್ಲ’ ಎಂಬಂಥ ಕರಾರುಗಳು ಪ್ರತಿ ಆಟದಲ್ಲಿಯೂ ಆಗುತ್ತವೆ. ಆದರೆ ಅವುಗಳನ್ನು ಪಾಲಿಸುವಂತೆ ಯಾರನ್ನೂ ನಿಯಮವು ಬಲವಂತಪಡಿಸುವುದಿಲ್ಲ. ಆಟದ ಹೊರಗಿನ ಹಣವನ್ನಾಗಲಿ ವಸ್ತುವನ್ನಾಗಲಿ ಕರಾರಿನೊಳಕ್ಕೆ ತರುವಂತಿಲ್ಲ. ಬಹುಮಂದಿ ಆಡುವ ಎಲ್ಲ ಆಟಗಳಿಗೂ ಇರುವ ರೋಗವೊಂದು ಇಲ್ಲಿಯೂ ಉಂಟು. ತಾನು ಗೆಲ್ಲಲಾರನೆಂದು ತಿಳಿದವನು ತನಗೆ ಬೇಕಾದವನನ್ನು ಗೆಲ್ಲಿಸಬಹುದು, ಹಗೆಯಿಂದ ಒಬ್ಬನನ್ನು ಕೆಡಿಸಬಹುದು. ಇದಕ್ಕೆ ಪಂದ್ಯದ ನಿಯಮಗಳು ಮದ್ದನ್ನು ವಿಧಿಸಿವೆ. ಪ್ರತಿಯೊಬ್ಬನೂ ಗೆಲ್ಲುವುದಕ್ಕಾಗಿಯೇ ಆಡಬೇಕು. ಗೆಲುವು ಅಸಾಧ್ಯವೆನಿಸಿದಲ್ಲಿ ಸಾಧ್ಯವಾದಷ್ಟು ಅಂಕಗಳಿಗಾಗಿ ಆಡಬೇಕು. ಮನಸ್ಸಿನ ಉದ್ದೇಶವನ್ನು ನಿಯಮದಿಂದ ಅಳೆಯುವುದು ಹೇಗೆಂಬ ಸಂದೇಹ ನಮಗಿದೆ. ಇಂಥ ಕಡೆ ತೀರ್ಪುಗಾರನ ವಿವೇಕವನ್ನಲ್ಲದೆ ಬೇರೇನನ್ನೂ ನಂಬುವಂತಿಲ್ಲ. ತೀರ್ಪುಗಾರರ ವಿವೇಕ ಎಂಥದೆಂಬುದನ್ನು ಮೇಲೆ ತೋರಿಸಿಯೇ ಇದ್ದೇವೆ. ಪಂದ್ಯದ ಗೆಲುವಿಗೆ ಕನಿಷ್ಠ ೨ ಅಂಕಗಳಿರಬೇಕು, ಅವು ಉಳಿದ ಯಾರ ಅಂಕಗಳಿಗಿಂತಲೂ ಹೆಚ್ಚಾಗಿರಬೇಕು. ಎರಡು ಗಂಟೆಗಳ ಕಾಲ ಮುಗಿದಾಗ ಇನ್ನೂ ಉಳಿದಿರುವವರಿಗೆ ತಲಾ ಅರ್ಧ ಅಂಕ.

ನಮ್ಮ ತಪ್ಪು ತೀರ್ಪಿನಿಂದ ಆದ ಹಾನಿಯ ಲೆಕ್ಕವನ್ನು ಈಗ ಕೊಡಬಹುದು. ಅಂದು ‘ಕ’ನ ನಿಧಿ ೮ರಿಂದ ೧೪ಕ್ಕೆ ಏರಿತು; ‘ಚ’ನು ೩ರಲ್ಲಿಯೇ ಉಳಿದನು. ಮರುಸರದಿಯಲ್ಲಿ ‘ಕ’ನು ಮತ್ತೆ ೫ರ ಪೆಟ್ಟನ್ನು ಹಾಕಿದಾಗ ‘ಚ’ನ ಕೈಯಲ್ಲಿ ತಿರುಗಿಸುವ ಎಲೆ ಇರಲಿಲ್ಲ, ಅವನು ಬಿದ್ದನು. ಸರಿಯಾದ ತೀರ್ಪಾಗಿದ್ದರೆ ಅವನ ನಿಧಿ ೯ ಆಗಿದ್ದು, ಆ ಪೆಟ್ಟಿನ ಮೇಲೂ ೪ ಬಿಲ್ಲೆಗಳು ಉಳಿಯುತ್ತಿದ್ದವು, ಒಂದು ಅಂಕವೂ ಅವನ ಹೆಸರಿನಲ್ಲಿರುತ್ತಿತ್ತು.

ಪುಸ್ತಕವನ್ನು ನೋಡಿದ ವಾರವೇ ನಾವು ಐವರನ್ನೂ ಕರೆಸಿ, ತಪ್ಪನ್ನು ಒಪ್ಪಿಕೊಂಡು, ‘ಟ’ನು ಹೊರಬಿದ್ದ ಕ್ಷಣದಿಂದ ಆಟವನ್ನು ಮತ್ತೆ ಹೂಡಿಸಿದೆವು. ನಿಧಿಗಳ ಲೆಕ್ಕವನ್ನು ‘ತ’ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದನು. ಕಣದಲ್ಲಿದ್ದ ಪಿಶಾಚಿಗಳೂ ಬಹುಮಟ್ಟಿಗೆ ನೆನಪಿನಲ್ಲಿದ್ದವು. ಕೈಯಲ್ಲಿದ್ದ ಎಲೆಗಳು ಮಾತ್ರ ಯಾರಿಗೂ ನೆನಪಿರಲಿಲ್ಲವಾಗಿ ಕಟ್ಟನ್ನು ಕಲಸಿ ಏಳೇಳನ್ನು ಹೊಸದಾಗಿ ಎಳೆದುಕೊಂಡರು. ಇಂಥ ಪುನಾರಚನೆಯನ್ನು ಯಾವ ಇತಿಹಾಸಕಾರನೂ ಪ್ರಮಾಣವೆಂದು ಒಪ್ಪಲಾರನು. ಆದರೂ ಹುಡುಗರು ಅದಕ್ಕೆ ಸಮ್ಮತಿಸಿದರು. ‘ಟ’ನು ಗಡಿಯಾರವನ್ನು ನೋಡುತ್ತ ಬದಿಯಲ್ಲಿ ಕುಳಿತನು. ಎರಡು ಗಂಟೆಗಳಾದಾಗ ನಾಲ್ವರೂ ಉಳಿದಿದ್ದರು. ‘ಕ’, ‘ತ’, ‘ಪ’ ಇವರಿಗೆ ಅರ್ಧರ್ಧ ಅಂಕ. ‘ಚ’ನಿಗೆ ಒಂದೂವರೆ. ಎರಡಕ್ಕೆ ಕಡಿಮೆಯಾದುದರಿಂದ ಪಂದ್ಯದ ನಿಯಮದಂತೆ ಯಾರೂ ಗೆದ್ದಂತಾಗಲಿಲ್ಲ. ‘ಚ’ನು ಆ ಸಂಖ್ಯೆಯನ್ನು ‘ತ’ನ ಟಿಪ್ಪಣಿಯಲ್ಲಿ ಹಳೆಯ ಲೆಕ್ಕದ ಕೆಳಗೆ ತಾನೇ ಬರೆದು, ದಿನಾಂಕವನ್ನು ಹಾಕಿ, ನಮ್ಮಿಂದ ರುಜು ಹಾಕಿಸಿಕೊಂಡನು.